ಬೋರನ ಎಂಟ್ರಿ

“ಏನಮ್ಮಾ ಇದು? ಕುಡುಕ ಬರ್ತಿದಾನೋ, ಇಲ್ಲಾ ಅವನ ಹೆಣ ಬರ್ತಿದೆಯೋ?”

ಕಿರಣ್ ಕಿವಿಯ ಮೇಲಿದ್ದ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆಸೆದ. ಶಾಂತಿ ಕೀಬೋರ್ಡಿನ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬೆಳಗಿನಿಂದ ಅವನು ತಿರಸ್ಕರಿಸಿದ ಎಷ್ಟನೆಯ ತುಣುಕೋ ಅದು.

“ಜನ ನಗ್ಬೇಕು ಕಣಮ್ಮಾ. ಸೀರಿಯಲ್ಲಲ್ಲಿ ಬೋರ ಹಟ್ಟಿ ಬಾಗಿಲಿಗೆ ಬಂದ ಅಂದ್ರೆ ಊಟ ಮಾಡ್ತಿರೋರು ತಟ್ಟೆ ಬಿಟ್ಟು ನಗ್ಬೇಕು. ನಿಂಗೂ ಹೇಳ್ಕೊಡ್ಬೇಕಾ? ನಿಮ್ ಕೇರೀಲಿ ದಿನಾ ನೋಡಲ್ವಾ ಇಂಥೋರ್ನ?”

“ನಮ್ಮ ಕೇರೀಲಿ ಕುಡಿಯೋರು ಇದಾರೆ ಸಾರ್. ಗೌಡ್ರ ಬೀದೀಲೂ ಇದಾರೆ.”

“ಅಬ್ಬಬ್ಬಾ, ಬಾಯಿ ನೋಡು!” ಕಿರಣ್ ನಕ್ಕ. “ಗೌಡ್ರು ಕುಡುದ್ರೆ ವಯಲಿನ್ ಹಾಕು, ಆಯ್ತಾ? ಬೋರಂಗೆ ತಮಟೆ ಹಾಕು.”

ನಂಜನಗೂಡಿನ ಸ್ಟೇಷನ್ ಕಡೆಯ ರಸ್ತೆಯಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ಆ ಸ್ಟುಡಿಯೋ ಇತ್ತು. ಕಿರಣನ ತಂದೆ ಮಹಾದೇವಸ್ವಾಮಿಯವರು ಮೊದಲೆಲ್ಲ ಅಲ್ಲಿ ಭಜನೆ, ಸುಪ್ರಭಾತ ರೆಕಾರ್ಡು ಮಾಡಿ ಮಾರುತ್ತಿದ್ದರು. ಈಗ ಟಿವಿ ಧಾರಾವಾಹಿಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುವ ಗುತ್ತಿಗೆ ಹಿಡಿದಿದ್ದರು. ಅದರಲ್ಲಿ ಹಾಡಿಲ್ಲ, ಮಾತಿಲ್ಲ, ಬರೀ ವಾದ್ಯ. ಅತ್ತೆ ಹುಬ್ಬು ಹಾರಿಸಿದರೆ ಒಂದು ತುಣುಕು, ಸೊಸೆಯ ಕಣ್ಣು ತುಂಬಿದರೆ ಒಂದು, ಹಾಲಿನ ಲೋಟಕ್ಕೆ ವಿಷ ಬೀಳುವಾಗ ಇನ್ನೊಂದು. ಇವನ್ನೆಲ್ಲ ಮೊದಲೇ ಮಾಡಿಟ್ಟರೆ ಚಾನೆಲ್ಲಿನವರು ಬೇಕಾದ ಕಡೆ ಅಂಟಿಸಿಕೊಳ್ಳುತ್ತಿದ್ದರು. ನಾಡಿನ ಅರ್ಧ ಮನೆಗಳಲ್ಲಿ ಸಂಜೆಯಾದರೆ ಮೊಳಗುವ ಆ ಸಂಗೀತವನ್ನೆಲ್ಲ ಕಟ್ಟುತ್ತಿದ್ದವಳು ಶಾಂತಿ. ಪರದೆಯ ಮೇಲೆ ಮಾತ್ರ ‘ಹಿನ್ನೆಲೆ ಸಂಗೀತ: ಕಿರಣ್ ಮಹಾದೇವಸ್ವಾಮಿ’ ಎಂದು ಬರುತ್ತಿತ್ತು.

ಶಾಂತಿ ತಿ. ನರಸೀಪುರದಾಚೆಯ ಎಲಚಿಹುಂಡಿಯ ಕೇರಿಯವಳು. ಅಪ್ಪ ತಿಮ್ಮಯ್ಯ ತಮಟೆ ಬಡಿಯುವವನು, ಒಂದು ಹಸು ಕಟ್ಟಿಕೊಂಡು ಕೂಲಿ ಮಾಡುವವನು. ಮೈಸೂರಿನ ಹಾಸ್ಟೆಲಿನಲ್ಲಿ ಯಾರೋ ದಾನ ಕೊಟ್ಟಿದ್ದ, ಅರ್ಧದಷ್ಟು ಕೀಗಳು ಸತ್ತುಹೋಗಿದ್ದ ಹಳೆಯ ಕೀಬೋರ್ಡಿನ ಮೇಲೆ ಅವಳ ಬೆರಳು ಪಳಗಿತ್ತು. ಮಿಕ್ಕದ್ದನ್ನು ಮೊಬೈಲು ನೋಡಿ ಕಲಿತಿದ್ದಳು. ಡಿಗ್ರಿ ಮುಗಿಸಿ ಕೆಲಸ ಕೇಳಿಕೊಂಡು ಬಂದಾಗ ಮಹಾದೇವಸ್ವಾಮಿಯವರು ಅವಳ ಕೈಯಲ್ಲಿ ಒಂದು ತುಣುಕು ನುಡಿಸಿ ನೋಡಿದರು. ಆಮೇಲೆ ಊರು ಯಾವುದು ಎಂದರು, ಊರಲ್ಲಿ ಮನೆ ಯಾವ ಕಡೆ ಎಂದರು. ಅವಳು ಹೇಳಿದಳು. ಮಾರನೆಯ ದಿನದಿಂದ ಕೆಲಸ ಸಿಕ್ಕಿತು. ಜೊತೆಗೆ ಕಿಟಕಿಯ ಕಟ್ಟೆಯ ಮೇಲೆ ಅವಳೊಬ್ಬಳಿಗೇ ಒಂದು ಸ್ಟೀಲ್ ಲೋಟವೂ ಬಂದು ಕೂತಿತು.

ಸ್ಟುಡಿಯೋದಲ್ಲಿ ಒಂದು ಕಾನೂನಿತ್ತು. ಧಾರಾವಾಹಿಯ ದೊಡ್ಡಮನೆಯವರು ನಡೆದುಬಂದರೆ ವೀಣೆ, ನಾಗಸ್ವರ, ಕೊಳಲು. ಆ ಮನೆಯ ಹಟ್ಟಿಯ ಹೊರಗೆ ಕೈಕಟ್ಟಿ ನಿಲ್ಲುವವರಿಗೆ ತಮಟೆ, ಪೀಪಿ, ಜೊತೆಗೊಂದು ಕಪ್ಪೆ ವಟಗುಟ್ಟಿದಂಥ ಶಬ್ದ. ಇಷ್ಟು ದಿನ ಅವಳು ಅದನ್ನು ಮಾಡಿಕೊಟ್ಟಿದ್ದಳು. ಕೆಲಸ ಎಂದುಕೊಂಡು ಹಲ್ಲು ಕಚ್ಚಿ ಮಾಡಿಕೊಟ್ಟಿದ್ದಳು.

ಕಿರಣ್ ಕುರ್ಚಿ ಎಳೆದುಕೊಂಡು ಅವಳ ಕಂಪ್ಯೂಟರಿನಲ್ಲಿ ತಡಕಾಡತೊಡಗಿದ. “ಎಲ್ಲಾ ಬರೀ ಸಪ್ಪೆ... ಇದೇನಿದು? ‘ಅವ್ವ’ ಅಂತಿದೆ?”

“ಅದು ಮುಟ್ಬೇಡಿ ಸಾರ್. ಅದು ನಂದು.”

“ನಂದು ಅಂದ್ರೆ?”

“ನಾನು ನನಗೇಂತ ಮಾಡ್ಕೊಂಡಿರೋದು. ಧಾರಾವಾಹಿಗಲ್ಲ.”

ಅವನು ಅದನ್ನು ಒತ್ತಿದ.

ಹಿಂದಿನ ವರ್ಷ ಅವಳ ಅವ್ವ ಕೆಂಪಾಜಮ್ಮ ಸತ್ತಿದ್ದಳು. ಎಲಚಿಹುಂಡಿಯ ಚಿಕ್ಕಸ್ವಾಮಿಗೌಡರ ಗದ್ದೆಯಲ್ಲಿ ನಾಟಿ ಹಾಕುವಾಗ ಹಾವು ಕಚ್ಚಿತು. ಗದ್ದೆಯ ಪಕ್ಕದ ದಾರಿಯಲ್ಲೇ ಗೌಡರ ಕಾರು ನಿಂತಿತ್ತು. ಹೊಸ ಕಾರು. ಹೆಂಗಸರು ಕೈಮುಗಿದು ಕೇಳಿದರೆ, “ಮಂಡಿ ಗಂಟ ಕೆಸ್ರು ಮೆತ್ಕಂಡವ್ಳಲ್ರವ್ವಾ, ಎಂಗ್ ಅತ್ತಿಸ್ಕಳಾದು? ಆಟೋ ಕರೀರಿ” ಅಂದಿದ್ದರು. ತಿಮ್ಮಯ್ಯನ ತಮ್ಮನ ಮಗ ಶಿವು ಊರಿನಿಂದ ಲಗೇಜ್ ಆಟೋ ತರುವಷ್ಟರಲ್ಲಿ ಬಾಯಲ್ಲಿ ನೊರೆ ಬಂದಿತ್ತು. ಸಿಮೆಂಟು ಚೀಲಗಳ ಮೇಲೆ ಮಲಗಿ, ತಿ. ನರಸೀಪುರ ಕಣ್ಣಿಗೆ ಬೀಳುವ ಮೊದಲೇ ಅವ್ವ ಹೋಗಿಬಿಟ್ಟಿದ್ದಳು.

ಅವಳ ಹೆಣದ ಮುಂದೆ ತಿಮ್ಮಯ್ಯ ತಾನೇ ತಮಟೆ ಬಡಿದ. ಬೇಡ ಎಂದರೂ ಬಿಡಲಿಲ್ಲ. ಬಡಿಯುತ್ತ ಬಡಿಯುತ್ತ ಬಡಿತದ ಸಾಲಿನ ಕೊನೆಯ ಏಟಿಗೆ ಅವನ ಕೈ ಮೇಲೇಳಲಿಲ್ಲ. ಮತ್ತೆ ಮೊದಲಿಂದ ಹಿಡಿದ. ಮತ್ತೆ ಅದೇ ಕಡೆ ಕೈ ನಿಂತಿತು. ಜೊತೆಗಿದ್ದವರಿಗೂ ಅರ್ಥವಾಗಿ, ಅವರೂ ಆ ಏಟನ್ನು ಬಿಟ್ಟರು. ಮಣ್ಣು ಮಾಡುವ ಜಾಗದವರೆಗೂ ಹಾಗೇ, ಕೊನೆಯ ಏಟಿಲ್ಲದೆಯೇ ಹೋದರು. ತಿಂಗಳು ಕಳೆದ ಮೇಲೆ ಶಾಂತಿ ಅಪ್ಪನ ಕೈಯಲ್ಲಿ ಅದನ್ನೇ ಮತ್ತೊಮ್ಮೆ ಬಡಿಸಿ ಫೋನಿನಲ್ಲಿ ಹಿಡಿದುಕೊಂಡಳು. ನಾಟಿ ಹಾಕುವಾಗ ಅವ್ವ ಗುನುಗುತ್ತಿದ್ದ ರಾಗವನ್ನು ಕೊಳಲಿನ ದನಿಯಲ್ಲಿ ಅದರ ಮೇಲೆ ಹಾಸಿದಳು. ಏಟಿಲ್ಲದ ಆ ಜಾಗದಲ್ಲಿ ಏನನ್ನೂ ಇಡಲಿಲ್ಲ.

ಕಿರಣ್ ಕಣ್ಣರಳಿಸಿದ. “ಇದು ಕಣಮ್ಮಾ! ಇದನ್ನಿಟ್ಕೊಂಡು ಬೆಳಗಿಂದ ನನ್ ತಲೆ ತಿಂದ್ಯಲ್ಲ.” ಅವನು ಮೌಸು ಹಿಡಿದು ಅದರ ವೇಗವನ್ನು ಎರಡರಷ್ಟು ಮಾಡಿದ. ಕೊಳಲು ಇಲಿಯ ಹಾಗೆ ಕೀಚುಗುಟ್ಟಿತು. ತಮಟೆ ಓಡತೊಡಗಿತು. “ಇಲ್ಲೊಂದು ಗ್ಯಾಪ್ ಇದೆ ನೋಡು. ದೇವ್ರೇ ಕೊಟ್ಟಂಗಿದೆ.” ಶಬ್ದಗಳ ಭಂಡಾರದಿಂದ ಒಂದು ಬಿಕ್ಕಳಿಕೆ ಹುಡುಕಿ ತಂದು ಆ ಖಾಲಿ ಜಾಗಕ್ಕೆ ಕೂರಿಸಿದ. ಹಿಕ್!

“ಸಾರ್, ಬೇಡ. ಅದು ನಮ್ಮವ್ವನ ಸಾವಿನ ಬಡಿತ. ಕೈ ಮುಗೀತೀನಿ.”

“ಮಿಷಿನ್ ನಮ್ದು, ಕರೆಂಟು ನಮ್ದು, ನೀನು ಕೂತಿರೋ ಚೇರ್ ನಮ್ದು. ಇಲ್ಲಿ ಹುಟ್ಟಿದ್ದೆಲ್ಲಾ ನಮ್ದೇ.” ಅವನು ಅದಕ್ಕೆ ‘ಬೋರನ ಎಂಟ್ರಿ’ ಎಂದು ಹೆಸರಿಟ್ಟು ಅವಳ ಕಣ್ಣೆದುರಿಗೇ ಚಾನೆಲ್ಲಿಗೆ ಕಳಿಸಿದ.

ಶಾಂತಿ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ಅಳು ಬರಲಿಲ್ಲ.

ಬೋರ ಗೆದ್ದುಬಿಟ್ಟ. ಧಾರಾವಾಹಿಯಲ್ಲಿ ಅವನು ತೂರಾಡುತ್ತ ಬಂದು, ದೊಡ್ಡಮನೆಯವರ ಕಾಲಿಗೆ ಬಿದ್ದು, ಬೈಸಿಕೊಂಡು ಹೋಗುವುದನ್ನು ನೋಡಲೆಂದೇ ಜನ ಟಿವಿ ಹಾಕತೊಡಗಿದರು. ಆ ಸಂಗೀತ ಮೊಬೈಲುಗಳ ರಿಂಗ್‌ಟೋನ್ ಆಯಿತು. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ, ತರಕಾರಿ ಗಾಡಿಗಳ ನಡುವೆ, ಎಲ್ಲೆಂದರಲ್ಲಿ ಅದು ಬಿಕ್ಕಳಿಸುತ್ತಿತ್ತು. ಕೇಳಿದಾಗೆಲ್ಲ ಶಾಂತಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಗುತ್ತಿತ್ತು.

ಒಂದು ಭಾನುವಾರ ಅವಳು ಊರಿಗೆ ಹೋದಳು. ಸಂಜೆ ಹಾಲು ಹಾಕುವ ಹೊತ್ತು. ಬಸ್ಸು ನಿಲ್ಲುವುದು ಡೇರಿಯ ಮುಂದೆಯೇ. ಡೇರಿಯ ಅಧ್ಯಕ್ಷರಾದ ಚಿಕ್ಕಸ್ವಾಮಿಗೌಡರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಊರವರ ಹಾಲೆಲ್ಲ ಅಳೆದಾದ ಮೇಲೆ ಕೇರಿಯವರ ಸರದಿ. ತಿಮ್ಮಯ್ಯ ಕ್ಯಾನು ಹಿಡಿದು ಮುಂದೆ ಬರುತ್ತಿದ್ದ ಹಾಗೆ, ಜಗಲಿಯ ಮೇಲಿದ್ದ ಹುಡುಗರಲ್ಲೊಬ್ಬ ಮೊಬೈಲು ಒತ್ತಿದ. ತಮಟೆ, ಕೀಚುಗುಟ್ಟುವ ಕೊಳಲು, ಹಿಕ್! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಲೇ ತಿಮ್ಮಾ,” ಗೌಡರು ಕರೆದರು. “ಒಸಿ ಆ ಟಿವಿಯೋನಂಗೆ ನಡ್ದ್ ತೋರ್ಸ್ಲಾ.”

“ನಾನ್ ಕುಡಿಯಾಕಿಲ್ಲ ಬುದ್ದಿ. ತಮಗೇ ಗೊತ್ತಲ್ಲ.”

“ಕುಡೀದಿದ್ರೆ ನಡಿಯಾಕ್ ಬರಾಕಿಲ್ವಾ ಬಡ್ಡೈದ್ನೆ? ನಡೀಲಾ. ಆಮ್ಯಾಕ್ ಅಳ್ಸೀವಂತೆ ನಿನ್ ಆಲ.”

ತಿಮ್ಮಯ್ಯ ಅತ್ತಿತ್ತ ನೋಡಿದ. ಅವನ ಹಿಂದೆ ಕೇರಿಯ ಹೆಂಗಸರು ಕ್ಯಾನು ಹಿಡಿದು ನಿಂತಿದ್ದರು. ಅವನದು ಅಳೆಯದೆ ಅವರದೂ ಅಳೆಯುವುದಿಲ್ಲ. ಅವನು ಕ್ಯಾನು ಹಿಡಿದೇ ಒಂದು ಹೆಜ್ಜೆ ಎಡಕ್ಕೆ ವಾಲಿದ, ಒಂದು ಹೆಜ್ಜೆ ಬಲಕ್ಕೆ ವಾಲಿದ. ಹಾಲು ತುಳುಕಿ ಪಂಚೆಯ ಮೇಲೆ ಸುರಿಯಿತು. ಹುಡುಗರು ಕೇಕೆ ಹಾಕಿದರು.

“ಅಪ್ಪಾ!”

ಬಸ್ಸಿಳಿದ ಶಾಂತಿ ಜನರನ್ನು ಸೀಳಿಕೊಂಡು ಬಂದು ಅವನ ಕೈಯ ಕ್ಯಾನು ಹಿಡಿದಳು. “ನಿಲ್ಲು. ನಡೀಬ್ಯಾಡ.” ಹುಡುಗರ ಕಡೆ ತಿರುಗಿದಳು. “ನಾಚ್ಕೆ ಆಗಲ್ವಾ ನಿಮ್ಗೆ? ನಿಮ್ಮಪ್ಪನ ವಯಸ್ಸಲ್ವೇನ್ರೋ?”

“ಓಹೋಹೋ, ಟಿವಿ ಕಂಪ್ನಿ ಬಂತು, ದಾರಿ ಬುಡ್ರಪ್ಪೋ,” ಎಂದರು ಗೌಡರು. “ನಮ್ ಮಾದೇಸ್ವಾಮಿ ನಂಗ್ ಬೀಗ್ರಾಗ್ಬೇಕು ಕನವ್ವಾ. ಎಲ್ಲಾನು ಯೋಳವ್ರೆ. ಲೇ ತಿಮ್ಮಾ, ಈ ಮೂಜಿಕ್ಕು ಮಾಡಿರಾದು ನಿನ್ ಮಗ್ಳೇ ಅಂತೆ ಕನ್ಲಾ. ಅವ್ಳೇ ನಿಂಗೆ ಯೆಂಡ ಕುಡ್ಸವ್ಳೆ, ನನ್ಮೇಲ್ ಯಾಕ್ಲಾ ಕಣ್ ಬುಡ್ತೀಯೆ?”

ನಗು ಮತ್ತೆ ಎದ್ದಿತು. ತಿಮ್ಮಯ್ಯ ಮಗಳ ಮುಖವನ್ನೊಮ್ಮೆ ನೋಡಿ, ಉಳಿದ ಹಾಲನ್ನು ಅಳೆಸಿ, ಖಾಲಿ ಕ್ಯಾನು ಹಿಡಿದು ನಡೆದ.

ಮನೆಗೆ ಬಂದು ಅವನು ಕ್ಯಾನನ್ನು ಬೂದಿ ಹಾಕಿ ಉಜ್ಜಿದ. ಉಜ್ಜಿದ್ದನ್ನೇ ಉಜ್ಜಿದ. ಶಾಂತಿ ಅವನೆದುರು ಕುಕ್ಕರುಗಾಲಲ್ಲಿ ಕೂತು ಸ್ಟುಡಿಯೋದಲ್ಲಿ ಆದದ್ದನ್ನೆಲ್ಲ ಹೇಳಿದಳು.

“ನಾನು ಕೊಡ್ಲಿಲ್ಲ ಕಣಪ್ಪಾ. ಕಿತ್ಕೊಂಡ್ರು.”

“ಟಿವೀಲಿ ಮೊದ್ಲು ಕೇಳ್ದಾಗ್ಲೇ ನಂಗ್ ಗೊತ್ತಾಯ್ತು, ಇದು ನಮ್ದು ಅಂತ,” ತಿಮ್ಮಯ್ಯ ತಲೆಯೆತ್ತದೆ ಹೇಳಿದ. “ಅವ್ರು ಎಲ್ಲಿಂದ ತಗಂಡ್ರು ಅಂತ ತಿಳೀನಿಲ್ಲ. ನೀನೂ ಯೋಳ್ನಿಲ್ಲ.” ಕ್ಯಾನನ್ನು ಬೋರಲು ಹಾಕಿ ಅಂದ, “ಅವತ್ತು ಅಲ್ಲಿ ನನ್ ಕೈ ಏಳ್ನಿಲ್ಲ ಕನವ್ವಾ. ಅಲ್ಗೆ ಬಿಕ್ಳಿಕೆ ತಂದ್ ಮಡುಗವ್ರಲ್ಲ, ಬೋಳಿಮಕ್ಳು.”

ಅಪ್ಪನ ಬಾಯಲ್ಲಿ ಬೈಗುಳ ಬಂದದ್ದನ್ನು ಶಾಂತಿ ಕೇಳಿದ್ದು ಅದೇ ಮೊದಲು.

ಸೋಮವಾರ ಅವಳು ನೆಟ್ಟಗೆ ಮಹಾದೇವಸ್ವಾಮಿಯವರ ಕೋಣೆಗೆ ಹೋದಳು. ಅವರು ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಅವರೆಂದೂ ದನಿ ಏರಿಸಿದವರಲ್ಲ.

“ಬಾರಮ್ಮಾ. ಅಲ್ಲೇ ನಿಂತ್ಕೊಂಡು ಹೇಳು.”

“ಆ ಟ್ರ್ಯಾಕ್ ತೆಗೆಸ್ಬೇಕು ಸಾರ್. ನಮ್ಮಪ್ಪನ್ನ ಊರಲ್ಲಿ ಕುಣಿಸ್ತಿದಾರೆ. ಅದು ಸತ್ತೋರ ಮುಂದೆ ಬಡಿಯೋದು. ನಮ್ಮ ಅವ್ವಂಗೆ ಬಡಿದಿದ್ದು.”

“ಛೆ ಛೆ ಛೆ.” ಅವರು ಕಣ್ಣುಮುಚ್ಚಿ ತಲೆಯಾಡಿಸಿದರು. “ತಪ್ಪು ತಿಳ್ಕೋಬೇಡ ತಾಯಿ. ನಿಮ್ಮೋರು ಬಡಿಯೋದಕ್ಕೆ ರಾಗ ಉಂಟಾ, ತಾಳ ಉಂಟಾ? ಅದಕ್ಕೊಂದು ರೂಪ ಕೊಟ್ಟೋನು ನನ್ನ ಮಗ. ಹೆಣದ ಜೊತೆ ಮಣ್ಣಾಗ್ತಿದ್ದಿದ್ದು ಇವತ್ತು ಟಿವೀಲಿ ಬರ್ತಿದೆ. ನಿಮ್ಮ ಜನ ಖುಷಿ ಪಡ್ಬೇಕಪ್ಪ.”

“ನಮ್ಮ ಜನ ನಿಮ್ಮ ಬೀಗರ ಡೇರಿ ಮುಂದೆ ತೂರಾಡ್ತಿದಾರೆ ಸಾರ್.”

“ಹಳ್ಳೀಲಿ ತಮಾಷೆ ಮಾಡ್ತಾರೆ. ಅದನ್ನೆಲ್ಲಾ ಮನಸ್ಸಿಗೆ ಹಚ್ಕೋತಾರಾ?” ಅವರು ನಕ್ಕರು. “ಇರಲಿ, ಒಳ್ಳೇ ಸುದ್ದಿ ಕೇಳು. ಚಾನೆಲ್ಲಿನೋರು ನರಸೀಪುರದಲ್ಲಿ ದೊಡ್ಡ ಫಂಕ್ಷನ್ ಇಟ್ಕೊಂಡಿದಾರೆ. ಆರ್ಟಿಸ್ಟುಗಳೆಲ್ಲಾ ಬರ್ತಾರೆ. ಟಿವೀಲಿ ನೇರವಾಗಿ ತೋರಿಸ್ತಾರೆ. ಕಿರಣಂಗೆ ಸನ್ಮಾನ. ಬೋರ ಬರುವಾಗ ನಿಜವಾದ ತಮಟೆ ಬೇಕು ಅಂದ್ರು. ನಿಮ್ಮ ಕೇರಿಯೋರೇ ಬರ್ತಾರೆ, ಚಿಕ್ಕಸ್ವಾಮಿಯೋರು ಒಪ್ಪಿಸಿದಾರೆ. ನಿಮ್ಮಪ್ಪಾನೂ ಇರ್ತಾನೆ. ಸೌಂಡು ನೀನೇ ನೋಡ್ಕೋ. ಹೋಗು, ಟೀ ಕುಡಿ. ನಿನ್ನ ಲೋಟ ತೊಳೆದಿಟ್ಟಿದೆ.”

ಶಾಂತಿ ಹೊರಗೆ ಬಂದಳು. ಕಿಟಕಿಯ ಕಟ್ಟೆಯ ಮೇಲಿದ್ದ ಲೋಟವನ್ನು ಎತ್ತಿ ಕೆಳಗಿನ ಮೋರಿಗೆ ಎಸೆದಳು. ಕೆಲಸ ಮಾತ್ರ ಬಿಡಲಿಲ್ಲ. ಬಿಟ್ಟರೆ ಫಂಕ್ಷನ್ ದಿನ ಸೌಂಡಿನ ಮಿಕ್ಸರ್ ಮುಂದೆ ಬೇರೆ ಯಾರೋ ಬಂದು ಕೂರುತ್ತಾರೆ.

ಶಾಂತಿ ಮತ್ತೆ ಊರಿಗೆ ಬಂದಾಗ ಎಲಚಿಹುಂಡಿಯ ಕೇರಿಯಲ್ಲಿ ಮಾರಿಗುಡಿಯ ಮುಂದೆ ಗಂಡಸರೆಲ್ಲ ಸೇರಿದ್ದರು. ಫಂಕ್ಷನ್ನಿಗೆ ಬರದ ಮನೆಯ ಹಾಲು ಡೇರಿಗೆ ಬೇಡ, ಬರದವರ ಹೆಂಗಸರು ಗದ್ದೆಗೂ ಬೇಡ ಎಂದು ಗೌಡರು ಹೇಳಿಕಳಿಸಿದ್ದರು.

“ನಾನಂತೂ ಓಗಕಿಲ್ಲ,” ಶಿವು ಎದ್ದು ನಿಂತ. “ದೊಡ್ಡವ್ವನ್ನ ನನ್ ಗಾಡೀಲೆ ತಗಂಡೋಗಿದ್ದು. ನನ್ ಕಣ್ ಮುಂದ್ಲೆ ಪ್ರಾಣ ಬುಡ್ತು. ಅವ್ಳ ಸಾವ್ನ ಬಡಿತವ ಅವ್ರ ಮುಂದೆ ಕುಡುಕನ್ ಕುಣ್ತಕ್ಕೆ ಬಾರ್ಸಾದಾ? ಥೂ!”

“ಆಲ್ ಬ್ಯಾಡ ಅಂದ್ರೆ ನಿನ್ ಆಟೋ ಬೇಯ್ಸ್ಕಂಡ್ ತಿನ್ನಾನ್ಲಾ?” ಎಂದರು ಹಿರಿಯ ಕರಿಯಪ್ಪ.

ಎಲ್ಲರೂ ತಿಮ್ಮಯ್ಯನ ಕಡೆ ನೋಡಿದರು. ಅವನು ಗುಡಿಯ ಗೋಡೆಗೊರಗಿ ಕೂತಿದ್ದ.

“ನಾನ್ ಓಯ್ತೀನಿ,” ಅಂದ.

ಶಾಂತಿಗೆ ಕಿವಿ ಕೇಳಿದ್ದನ್ನು ನಂಬಲಾಗಲಿಲ್ಲ. “ಅಪ್ಪಾ, ಮಾನ ಮರ್ಯಾದೆ ಏನೂ ಇಲ್ವಾ ನಿಂಗೆ? ಅವತ್ತು ಡೇರಿ ಮುಂದೆ ನಡುದ್ಯಲ್ಲ, ಅದು ಸಾಲ್ದಾ?”

“ಬಾರ್ಸೋನು ನಾನು. ಬಾರ್ಸ್ಬೇಕಾ ಬ್ಯಾಡ್ವಾ, ಏನ್ ಬಾರ್ಸ್ಬೇಕು ಅಂತ ನೀನ್ ಯೋಳ್ಬ್ಯಾಡ.” ತಿಮ್ಮಯ್ಯ ಎದ್ದು ಪಂಚೆ ಕೊಡವಿದ. “ನೀನು ನಿನ್ ಮಿಷಿನ್ ತಾವ ಕೂತ್ಕಾ. ಅಲ್ಲಿಂದ ಏಳ್ಬ್ಯಾಡ. ಯಾರ್ ಬಂದ್ ಏನಂದ್ರೂ ಏಳ್ಬ್ಯಾಡ. ಅಷ್ಟ್ ಮಾಡು.”

ತಿ. ನರಸೀಪುರದ ಮೈದಾನದಲ್ಲಿ ಹೊಳೆಯ ಕಡೆಯ ಗಾಳಿಗೆ ಬ್ಯಾನರುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಬಿಸಿಲು ಇಳಿಯುವ ಮೊದಲೇ ಜನ ತುಂಬಿದ್ದರು. ಮುಂದಿನ ಸಾಲಿನ ಸೋಫಾಗಳಲ್ಲಿ ಮಹಾದೇವಸ್ವಾಮಿ, ಅವರ ಪಕ್ಕದಲ್ಲಿ ಚಿಕ್ಕಸ್ವಾಮಿಗೌಡರು, ಮತ್ತೆ ಯಾರ್ಯಾರೋ ದೊಡ್ಡವರು. ವೇದಿಕೆಯ ಎದುರು, ಜನರ ನಡುವೆ ಕಟ್ಟಿದ್ದ ಅಟ್ಟಣೆಯ ಮೇಲೆ ಶಾಂತಿ ಮಿಕ್ಸರ್ ಮುಂದೆ ಕೂತಿದ್ದಳು. ಯಾವ ಮೈಕಿನ ದನಿ ಏರಬೇಕು, ಯಾವುದು ಇಳಿಯಬೇಕು ಎಂಬುದು ಅವಳ ಬೆರಳಿನ ಕೆಳಗಿತ್ತು.

ಕೇರಿಯವರು ಬಂದರು. ಶಿವುವೂ ಬಂದಿದ್ದ. ಅವರಿಗೆ ಕೆಂಪು ರುಮಾಲು ಸುತ್ತಿಸಿ, ಚಪ್ಪಲಿ ಬಿಡಿಸಿ, ವೇದಿಕೆಯ ಮೇಲಲ್ಲ, ಕೆಳಗೆ, ಸೋಫಾಗಳ ಎದುರಿನ ಮಣ್ಣಿನಲ್ಲಿ ನೆಟ್ಟಿದ್ದ ಮೈಕಿನ ಮುಂದೆ ನಿಲ್ಲಿಸಿದರು. “ಮೇಲೆ ಹತ್ಬೇಡಿ, ಕಾರ್ಪೆಟ್ ಹಾಳಾಗತ್ತೆ” ಎಂದು ಒಬ್ಬ ಕೋಲು ಹಿಡಿದು ಕಾಯುತ್ತಿದ್ದ.

ಕಿರಣನಿಗೆ ಪೇಟ ಇಟ್ಟರು, ಶಾಲು ಹೊದಿಸಿದರು. “ನಮ್ಮ ಮಣ್ಣಿನ ದನಿಯನ್ನು ಮನೆಮನೆಗೆ ತಲುಪಿಸಿದ ಕಲಾವಿದ” ಎಂದು ನಿರೂಪಕಿ ಹೊಗಳಿದಳು. ಕಿರಣ್ ಮೈಕು ತೆಗೆದುಕೊಂಡು, ಒಂದು ಸಂಜೆ ಕಪಿಲಾ ನದಿಯ ದಂಡೆಯಲ್ಲಿ ಕೂತಿದ್ದಾಗ ಆ ಟ್ಯೂನು ತನಗೆ ತಾನಾಗಿ ಹೊಳೆಯಿತು ಎಂದ. ಜನ ಚಪ್ಪಾಳೆ ತಟ್ಟಿದರು. ಶಾಂತಿ ಅಪ್ಪನ ಮಾತು ನೆನೆದು ಅಲುಗದೆ ಕೂತಳು.

“ಈಗ ನೀವೆಲ್ಲಾ ಕಾಯ್ತಿರೋ ನಮ್ಮ ಬೋರ!”

ನಟ ತೂರಾಡುತ್ತ ಪರದೆಯ ಹಿಂದಿನಿಂದ ಬಂದ. ಶಿಳ್ಳೆ ಮುಗಿಲು ಮುಟ್ಟಿತು. ತಿಮ್ಮಯ್ಯ ಕೋಲು ಎತ್ತಿದ.

ಬಿದ್ದದ್ದು ಓಡುವ ಏಟಲ್ಲ. ಒಂದು ಏಟು. ಅದರ ದನಿ ಪೂರ್ತಿ ಅಡಗಿದ ಮೇಲೆ ಇನ್ನೊಂದು. ಕೇರಿಯವರೆಲ್ಲ ಅವನ ಹಿಂದೆ ಹಿಡಿದರು. ಹೆಜ್ಜೆ ಎಳೆದು ಎಳೆದು ಇಡುತ್ತ ಅವರು ವೇದಿಕೆಗೆ ಬೆನ್ನು ಮಾಡಿ ಸೋಫಾಗಳ ಕಡೆ ತಿರುಗಿದರು. ತಿಮ್ಮಯ್ಯ ಹೆಗಲ ಮೇಲಿನ ಟವೆಲ್ಲಿನ ಗಂಟಿಗೆ ಕೈ ಹಾಕಿ ಒಂದು ಹಿಡಿ ಮಂಡಕ್ಕಿ ಪುರಿ ತೆಗೆದ. ಹೆಣದ ಮೇಲೆ ಎರಚುವ ಹಾಗೆ ಅದನ್ನು ಚಿಕ್ಕಸ್ವಾಮಿಗೌಡರ ತಲೆಯ ಮೇಲೆ ಎರಚಿದ. ಇನ್ನೊಂದು ಹಿಡಿಯನ್ನು ಮಹಾದೇವಸ್ವಾಮಿಯವರ ಮೇಲೆ. ಬಿಳಿಯ ಪುರಿ ಬಿಳಿಯ ಅಂಗಿಗಳ ಮೇಲೆಲ್ಲ ಉದುರಿತು.

ನಗುತ್ತಿದ್ದ ಜನ ನಗು ನಿಲ್ಲಿಸಿದರು. ಹಿಂದಿನ ಸಾಲುಗಳಲ್ಲಿದ್ದ ಹಳ್ಳಿಯ ಹೆಂಗಸರಿಗೆ ಆ ಬಡಿತ ಗೊತ್ತಿತ್ತು. ಒಬ್ಬಳು ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದುನಿಂತಳು. ಅವಳನ್ನು ನೋಡಿ ಇನ್ನೊಬ್ಬಳು. “ಯಾರ್ ಎಣ ಓಯ್ತಾ ಅದವ್ವಾ?” ಎಂದು ಮುದುಕಿಯೊಬ್ಬಳು ಕೇಳಿದ್ದು ಎರಡು ಏಟುಗಳ ನಡುವಿನ ಮೌನದಲ್ಲಿ ದೂರದವರೆಗೂ ಕೇಳಿಸಿತು.

“ಕಟ್ ಮಾಡು! ಏಯ್ ಶಾಂತಿ, ಮೈಕ್ ಕಟ್ ಮಾಡೇ!” ಕಿರಣ್ ವೇದಿಕೆಯ ಮೇಲಿಂದ ಕಿರುಚಿದ.

ಶಾಂತಿ ತಮಟೆಯ ಮೈಕಿನ ದನಿಯನ್ನು ಮೇಲಕ್ಕೆ ತಳ್ಳಿದಳು. ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು. ಮೈದಾನದ ಎಲ್ಲ ಸ್ಪೀಕರುಗಳೂ ಎದೆಗೆ ಗುದ್ದತೊಡಗಿದವು. ಅದು ಟಿವಿಯಲ್ಲೂ ಹೋಗುತ್ತಿತ್ತು.

ತಿಮ್ಮಯ್ಯ ಮೈಕಿನ ಹತ್ತಿರ ಬಂದ. “ಇದು ನನ್ನೆಂಡ್ತಿ ಕೆಂಪಾಜಮ್ಮನ್ ಸಾವ್ಗೆ ಬಡ್ದಿದ್ದು. ಯಾವೋನ್ಗೂ ಒಳೆ ದಂಡೇಲಿ ಒಳೀನಿಲ್ಲ. ಈ ಗೌಡ್ರು ಗದ್ದೇಲಿ ಆವು ಕಚ್ತು. ಅವ್ರ ಕಾರು ಅಲ್ಲೇ ನಿಂತಿತ್ತು. ಕೆಸ್ರಾಯ್ತದೆ ಅಂತ ಅತ್ತಿಸ್ನಿಲ್ಲ. ನೀವು ಇಷ್ಟ್ ದಿನ ನಕ್ಕಿದ್ದು ಅದಕ್ಕೇ ಕನ್ರವ್ವಾ.”

ಗೌಡರು ಎದ್ದು ಅವನ ಕಪಾಳಕ್ಕೆ ಹೊಡೆದರು. ರುಮಾಲು ಹಾರಿ ಬಿತ್ತು. ತಿಮ್ಮಯ್ಯ ಹಿಂದೆ ಸರಿಯದೆ ಮತ್ತೊಂದು ಹಿಡಿ ಪುರಿಯನ್ನು ಅವರ ಮುಖಕ್ಕೇ ಎರಚಿದ. “ಬಡೀರ್ಲಾ!” ಎಂದ. ಮೇಲೆ ಬೋರನ ವೇಷದ ನಟ ತೂರಾಡುವುದನ್ನು ಮರೆತು ನೆಟ್ಟಗೆ ನಿಂತಿದ್ದ. ತಲೆಯ ಮೇಲಿನ ಚಿಂದಿ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಯಾರೋ ಓಡಿಹೋಗಿ ಜನರೇಟರಿನ ವೈರು ಕಿತ್ತರು. ಸ್ಪೀಕರುಗಳು ಸತ್ತವು. ತಮಟೆ ನಿಲ್ಲಲಿಲ್ಲ. ಅಟ್ಟಣೆ ಹತ್ತಿ ಬಂದ ಕಿರಣ್ ಶಾಂತಿಯ ಜಡೆ ಹಿಡಿದೆಳೆದ. “ಕೇರಿ ನಾಯಿ! ಅನ್ನ ಹಾಕಿದ ಮನೆಗೇ ಬೆಂಕಿ ಇಡ್ತೀಯಾ?”

ಅವಳು ಅವನ ಕೈಯನ್ನು ಹಲ್ಲಿನ ಗುರುತು ಮೂಡುವ ಹಾಗೆ ಕಚ್ಚಿದಳು. “ಅನ್ನ ನಿಂದಲ್ಲ ಕಣೋ. ನಿನ್ನ ಹೆಸರು ಟಿವೀಲಿ ಬರ್ತಿದ್ದಿದ್ದು ನನ್ನ ಅನ್ನದಲ್ಲಿ.” ಮಿಕ್ಸರಿನ ವೈರುಗಳನ್ನೆಲ್ಲ ಒಂದೇ ಸಲ ಬಾಚಿ ಕಿತ್ತು ಅವನ ಶಾಲಿನ ಮೇಲೆಸೆದು ಇಳಿದುಬಂದಳು. ಹೆಂಗಸರು ಅವಳಿಗೆ ದಾರಿ ಬಿಟ್ಟರು.

ಪೊಲೀಸರು ಬಂದು ಕೇರಿಯವರನ್ನು ಮೈದಾನದ ಹೊರಗೆ ದಬ್ಬಿದರು. “ಊರು ಸೇರ್ಕೊಳ್ರೋ, ನಾಳೆ ಸ್ಟೇಷನ್ನಿಗೆ ಬರ್ಬೇಕು” ಎಂದರು. ಕರೆತಂದಿದ್ದ ವ್ಯಾನು ಅವರನ್ನು ಬಿಟ್ಟು ಹೊರಟುಹೋಗಿತ್ತು. ಶಿವುವಿನ ಆಟೋದಲ್ಲಿ ಮುದುಕರನ್ನು ಕೂರಿಸಿ ಮಿಕ್ಕವರು ನಡೆದರು. ಶಾಂತಿ ಅಪ್ಪನ ಪಕ್ಕದಲ್ಲಿ ನಡೆಯುತ್ತಿದ್ದಳು. ಅವನ ಎಡಗೆನ್ನೆ ಊದಿಕೊಂಡಿತ್ತು.

“ನಂಗೆ ಮೊದ್ಲೇ ಹೇಳ್ಬೋದಿತ್ತಲ್ಲಪ್ಪಾ.”

“ಯೋಳಿದ್ರೆ ನಿನ್ ಮಕ ಕಂಡೋರ್ಗೆಲ್ಲಾ ಯೋಳ್ಬುಡ್ತಿತ್ತು.”

ಅವಳಿಗೆ ನಗು ಬಂತು. ಅದರ ಹಿಂದೆಯೇ, ಇಷ್ಟು ದಿನ ಬಾರದಿದ್ದ ಅಳು ಬಂತು. ತಿಮ್ಮಯ್ಯ ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು ತೆಗೆದ.

ಕತ್ತಲಾಗಿತ್ತು, ಇಬ್ಬನಿ ಬೀಳತೊಡಗಿತ್ತು. ನಾಲೆಯ ತಿರುವು ದಾಟಿದಾಗ ಎಲಚಿಹುಂಡಿಯ ಊರಬಾಗಿಲು ಕಂಡಿತು. ಮುಂದೆ ಹೋಗಿದ್ದ ಶಿವು ಆಟೋ ನಿಲ್ಲಿಸಿ ಇಳಿದಿದ್ದ. ಬಾಗಿಲಿಗೆ ಅಡ್ಡಲಾಗಿ ಬೈಕುಗಳನ್ನು ನಿಲ್ಲಿಸಿಕೊಂಡು ಗೌಡರ ಬೀದಿಯವರು ನಿಂತಿದ್ದರು. ಕೈಯಲ್ಲಿ ದೊಣ್ಣೆಗಳು. ಅವರ ಹಿಂದೆ ಗೌಡರ ಕಾರಿನ ದೀಪ ಉರಿಯುತ್ತಿತ್ತು. ಕೇರಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ಕೇರಿಯಲ್ಲಿ ಹೆಂಗಸರು, ಮಕ್ಕಳು ಇದ್ದರು.

“ಬನ್ರಲಾ ಸೂಳೆಮಕ್ಳಾ, ಈಗ್ ಎರ್ಚ್ರಿ ಪುರಿಯ!” ಅತ್ತಲಿಂದ ಕೂಗು ಬಂತು.

ಕರಿಯಪ್ಪ ತಿಮ್ಮಯ್ಯನ ತೋಳು ಹಿಡಿದರು. “ಏನ್ಲಾ ಮಾಡಾದು?”

ತಿಮ್ಮಯ್ಯ ತಮಟೆಯ ಮೇಲೆ ಬೆರಳಿಟ್ಟು ನೋಡಿದ. ಇಬ್ಬನಿಗೆ ಚರ್ಮ ಸಡಿಲಾಗಿತ್ತು. ಅವನು ರಸ್ತೆಯ ಪಕ್ಕದ ಮೆದೆಯಿಂದ ಒಂದು ತೆಕ್ಕೆ ಹುಲ್ಲು ಕಿತ್ತು ನಡುರಸ್ತೆಯಲ್ಲಿ ಹಾಕಿದ. ಶಿವು ಕಡ್ಡಿ ಗೀರಿದ. ಉರಿ ಎದ್ದಿತು. ಒಬ್ಬೊಬ್ಬರೇ ಸುತ್ತ ಕೂತು ತಮ್ಮ ತಮ್ಮ ತಮಟೆಗಳನ್ನು ಕಾಯಿಸತೊಡಗಿದರು. ಅತ್ತ ಬೈಕುಗಳು ಒಂದೊಂದಾಗಿ ಸದ್ದು ಮಾಡತೊಡಗಿದವು.

ದಣಿದು ಕೂತಿದ್ದ ಕರಿಯಪ್ಪನವರ ತಮಟೆ ಅವರ ತೊಡೆಯ ಮೇಲೇ ಇತ್ತು. ಶಾಂತಿ ಹೋಗಿ ಅವರ ಮುಂದೆ ನಿಂತು ಕೈಚಾಚಿದಳು.

“ಎಣ್ಮಕ್ಳು ಮುಟ್ಟಾಕಿಲ್ಲ ಕನವ್ವಾ ಇದ,” ಎಂದರು ಅವರು.

“ಕೊಡಿ ಅಜ್ಜ.”

ಕರಿಯಪ್ಪ ತಿಮ್ಮಯ್ಯನ ಕಡೆ ನೋಡಿದರು. ತಿಮ್ಮಯ್ಯ ಉರಿಯ ಮುಂದೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿದ. ಅವಳು ತಮಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಂಕಿಗೊಡ್ಡಿ ಕೂತಳು. ಶಾಖಕ್ಕೆ ಚರ್ಮ ಬಿಗಿಯುತ್ತ ಚಿಟಿಚಿಟಿ ಎಂದಿತು. ಬೈಕುಗಳು ಇತ್ತ ಹೊರಟ ಸದ್ದು ಕೇಳಿಸಿತು. ಅವಳು ತಮಟೆಯನ್ನು ಹೆಗಲಿಗೆ ಏರಿಸಿಕೊಂಡು ಎದ್ದುನಿಂತಳು.